ಗೋಡೆ ಏರುವ ಜಿಂಕೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಬೆಳಗಾಯಿತೆಂದರೆ ಹಳ್ಳಿಗೆ ಹಳ್ಳಿಯೇ ಕಿತ್ತಳೆ ಬಣ್ಣ ತೊಟ್ಟುಕೊಳ್ಳುತ್ತದೆ. ಅಂದಿನಿಂದ ಒಂಬತ್ತು ದಿನ ಬಂದೂಕಿನ ಜಿಂಕೆ ಬೇಟೆ. ಐದು ಲಕ್ಷಕ್ಕೂ ಹೆಚ್ಚು ಮಂದಿ ಲೈಸೆನ್ಸ್ ಪಡೆದು, ಗುಂಡು ಆಕಸ್ಮಿಕವಾಗಿ ತಮ್ಮವರಿಗೇ ತಗುಲಬಾರದೆಂದು ಕಣ್ಣಿಗೆ ಹೊಡೆಯುವ ಆ ಬಣ್ಣದ ಕೋಟು ಹಾಕಿಕೊಂಡು ಕಾಡಿಗೆ ಹೋಗುತ್ತಾರೆ. ಪೆಟ್ರೋಲ್ ಬಂಕು, ದಿನಸಿ ಅಂಗಡಿ, ಚರ್ಚಿನ ಬಾಗಿಲು, ಎಲ್ಲಿ ನಿಂತರೂ ಒಂದೇ ಮಾತು. "ಸಿಕ್ತಾ?" ಸಿಕ್ಕಿತು ಎಂದರೆ ಮುಂದಿನ ಪ್ರಶ್ನೆ, "ಎಷ್ಟು ಕವಲು?" ಆಮೇಲೆ ಸ್ವಲ್ಪ ತಡೆದು ಮೂರನೆಯದು, "ಮೌಂಟ್ ಮಾಡಿಸ್ತೀಯಾ?"

ಮೊದಲ ಎರಡಕ್ಕೆ ಉತ್ತರ ಥಟ್ಟನೆ ಬರುತ್ತದೆ. ಮೂರನೆಯದಕ್ಕೆ ಎಂಥ ಮಾತುಗಾರನೂ ತಡವರಿಸುತ್ತಾನೆ. ನಾನು ಬೇಟೆಗಾರನಲ್ಲ. ಆದರೆ ಈಡಿಗೆ ಹೋಗುತ್ತಿದ್ದ ಮಲೆನಾಡಿನ ಮನೆತನದಲ್ಲಿ ಹುಟ್ಟಿದವನು, ಇಲ್ಲಿ ನೆಲೆ ನಿಂತ ಮೇಲೆ ಅಕ್ಕಪಕ್ಕದವರೆಲ್ಲ ಬೇಟೆಗಾರರೇ. ಹಾಗಾಗಿ ಆ ತಡವರಿಕೆಯನ್ನು ಹತ್ತಿರದಿಂದ ಕಂಡಿದ್ದೇನೆ. ಹೊಡೆದ ಜಿಂಕೆಯ ತಲೆಯನ್ನು ಗೋಡೆಗೆ ಏರಿಸಬೇಕೋ ಬೇಡವೋ ಎನ್ನುವುದು ಹಣದ ಪ್ರಶ್ನೆಯೂ ಹೌದು. ಭುಜದವರೆಗಿನ ಒಂದು ಮೌಂಟ್‌ಗೆ ನೂರಾರು ಡಾಲರ್ ಬೇಕು, ಒಳ್ಳೆಯ ಕೈಯಾದರೆ ಸಾವಿರದ ಹತ್ತಿರ. ಆದರೆ ಹಣವಿದ್ದವರೂ ಯೋಚಿಸುತ್ತಾ ಕೂರುವುದನ್ನು ನೋಡಿದರೆ ಇದರಲ್ಲಿ ಹಣಕ್ಕಿಂತ ದೊಡ್ಡದೇನೋ ಇದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಪ್ರಾಣಿಯನ್ನು ಸ್ವಲ್ಪ ನೋಡೋಣ. ಇಲ್ಲಿಯದು ಬಿಳಿಬಾಲದ ಜಿಂಕೆ. ಗಾಬರಿಯಾದರೆ ಬಾಲ ಎತ್ತಿ ಅಡಿಯ ಬಿಳುಪು ತೋರಿಸುತ್ತಾ ಓಡುತ್ತದೆ, ಅದರಿಂದ ಆ ಹೆಸರು. ನಮ್ಮ ಕಡವೆಯ ಕೊಂಬು ಮೇಲಕ್ಕೆ ಬೆಳೆಯುತ್ತಾ ತುದಿಯಲ್ಲಿ ಎರಡಾಗಿ ಸೀಳುತ್ತದಲ್ಲ, ಇದರದು ಹಾಗಲ್ಲ. ಒಂದೇ ದಪ್ಪ ದಂಡು ಹಿಂದಕ್ಕೆ ಹೊರಟು, ಪಕ್ಕಕ್ಕೆ ಬಾಗಿ, ಮುಂದಕ್ಕೆ ಸುತ್ತಿ ಬರುತ್ತದೆ. ಆ ದಂಡಿನ ಬೆನ್ನ ಮೇಲೆ ಒಂದೊಂದೇ ಕವಲು ನೆಟ್ಟಗೆ ಎದ್ದು ನಿಂತಿರುತ್ತದೆ. ಏಪ್ರಿಲ್ ಹೊತ್ತಿಗೆ ಮೊಳೆತು, ಬೇಸಿಗೆಯಿಡೀ ಮಖಮಲ್ಲಿನಂಥ ತೊಗಲಿನೊಳಗೆ ರಕ್ತ ಹರಿಸಿಕೊಂಡು ಬೆಳೆದು, ಸೆಪ್ಟೆಂಬರ್ ಶುರುವಿನಲ್ಲಿ ಆ ತೊಗಲು ಸುಲಿದುಹೋಗಿ ಗಟ್ಟಿ ಎಲುಬಾಗಿ ಉಳಿಯುತ್ತದೆ. ನವೆಂಬರ್‌ನಲ್ಲಿ ಬೆದೆಯ ಕಾದಾಟ. ಚಳಿಗಾಲ ಕಳೆಯುವುದರೊಳಗೆ ಎರಡೂ ಉದುರಿಬಿಡುತ್ತವೆ. ಅಡಿಕೆಯ ಫಸಲಿನ ಹಾಗೆ ಇದು ವರ್ಷಾವರ್ಷದ ಬೆಳೆ. ಆ ವರ್ಷ ಮೇವು ಹೇಗಿತ್ತು, ಗಾಯ ಆಯಿತೇ, ವಯಸ್ಸೆಷ್ಟು, ಎಲ್ಲ ಅದರಲ್ಲಿ ಕಾಣುತ್ತದೆ. ಕೊಂಬು ಭರದಿಂದ ಬೆಳೆಯುವಾಗ ತಿಂದ ಮೇವು ಸಾಲದೆ ಜಿಂಕೆ ತನ್ನ ಪಕ್ಕೆಲುಬಿನ ಸುಣ್ಣವನ್ನೇ ಕರಗಿಸಿ ತಲೆಗೆ ಸಾಗಿಸುತ್ತದೆ ಎಂದು ತಿಳಿದ ದಿನದಿಂದ ನನಗೆ ಯಾವ ಕೊಂಬನ್ನೂ ಬರೀ ಅಲಂಕಾರವೆಂದು ನೋಡಲು ಆಗಿಲ್ಲ. ಐದಾರು ವರ್ಷ ತುಂಬಿದ ಗಂಡಿನ ಕೊಂಬು ಅತಿ ದೊಡ್ಡದು. ಆದರೆ ಹೆಚ್ಚಿನವು ಅಷ್ಟು ವರ್ಷ ಬದುಕುವುದೇ ಇಲ್ಲ. ಬಹಳಷ್ಟು ಗಂಡುಗಳು ಒಂದೂವರೆ ವರ್ಷಕ್ಕೇ ಗುಂಡಿಗೆ ಬೀಳುತ್ತವೆ.

ಈ ಬೆಳೆಯನ್ನು ಅಳೆಯಲು ಅಮೆರಿಕದವರು ಒಂದು ಶಾಸ್ತ್ರವನ್ನೇ ಮಾಡಿಕೊಂಡಿದ್ದಾರೆ. ಥಿಯೊಡೋರ್ ರೂಸ್‌ವೆಲ್ಟ್ ತಮ್ಮ ಗೆಳೆಯರನ್ನು ಕೂಡಿಕೊಂಡು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ 1950ರಲ್ಲಿ ಜಾರಿಗೆ ತಂದ ಲೆಕ್ಕವೇ ಇಂದಿಗೂ ನಡೆಯುತ್ತಿದೆ. ಕಾಲಿಂಚು ಅಗಲದ ಉಕ್ಕಿನ ಟೇಪು ಬೇಕು. ಇಂಚಿನ ಎಂಟನೆಯ ಒಂದು ಭಾಗದವರೆಗೆ ಅಳತೆ. ಎರಡು ದಂಡುಗಳ ಉದ್ದ, ಅವುಗಳ ನಡುವಿನ ಒಳ ಅಗಲ, ಪ್ರತಿ ಕವಲಿನ ಉದ್ದ, ಒಂದೊಂದು ಕಡೆ ನಾಲ್ಕು ಜಾಗದಲ್ಲಿ ಸುತ್ತಳತೆ. ಒಂದಿಂಚಿಗೆ ಕಡಿಮೆ ಇರುವ ಗುಬುಟು ಕವಲೆನಿಸಿಕೊಳ್ಳುವುದಿಲ್ಲ. ಎಲ್ಲ ಕೂಡಿಸಿದ ಮೇಲೆ ಕಳೆಯುವ ಕೆಲಸ. ಎಡಗಡೆಯ ಕವಲು ಹತ್ತಿಂಚು, ಅದರ ಜೋಡಿ ಬಲಗಡೆಯದು ಎಂಟಿಂಚು ಇದ್ದರೆ ಎರಡಿಂಚು ಹೋಯಿತು. ಹೀಗೆ ಕಳೆದು ಉಳಿದದ್ದು 170 ಮುಟ್ಟಿದರೆ ಕ್ಲಬ್ಬಿನ ಶಾಶ್ವತ ದಾಖಲೆ ಪುಸ್ತಕದಲ್ಲಿ ಜಾಗ. ಕೊಂಬು ಅಡ್ಡಾದಿಡ್ಡಿ ಬೆಳೆದಿದ್ದರೆ ಅದಕ್ಕೆ ಬೇರೆ ಪಂಕ್ತಿ, ಅಲ್ಲಿ 195 ಬೇಕು. ಬಿಲ್ಲಿನಿಂದ ಹೊಡೆದವರ ಪೋಪ್ ಅಂಡ್ ಯಂಗ್ ಕ್ಲಬ್ಬಿನಲ್ಲಿ 125 ಸಾಕು. ಕೊಂಬು ಒಣಗಿದಂತೆ ತುಸು ಕುಗ್ಗುತ್ತದೆ, ಆದ್ದರಿಂದ ಅರವತ್ತು ದಿನ ಒಣಗಿಸಿಯೇ ಅಳೆಯಬೇಕು.

ಈ ಲೆಕ್ಕದ ಕಟ್ಟುನಿಟ್ಟು ನನಗೆ ಮೆಚ್ಚುಗೆ. ಯಾರ ಮನೆಯ ಜಿಂಕೆಯೆಂದು ಟೇಪು ಕೇಳುವುದಿಲ್ಲ. ಆದರೆ ಮೌಂಟ್ ಮಾಡಿಸಬೇಕೋ ಬೇಡವೋ ಎಂದು ಇದನ್ನೇ ಕೇಳಿ ನಿರ್ಧರಿಸುವವರಿದ್ದಾರಲ್ಲ, ಅವರ ಬಗ್ಗೆ ನನ್ನ ತಕರಾರಿದೆ. "ನೂರಾ ನಲವತ್ತಕ್ಕೆ ಕಡಿಮೆ ಇದ್ದರೆ ಗೋಡೆಗೆ ಬೇಡ" ಎಂದು ವ್ರತ ಹಿಡಿದವರಿದ್ದಾರೆ. ಎರಡು ಕಡೆಯೂ ಸರಿಸಮ ಇರಬೇಕು ಎನ್ನುವುದು ಟೇಪಿನ ಆಸೆ. ಜಿಂಕೆಗೆ ಆ ಹಂಗಿಲ್ಲ. ಹಿಂಗಾಲಿಗೆ ಪೆಟ್ಟಾದರೆ ಮುಂದಿನ ವರ್ಷ ಎದುರು ಪಕ್ಕದ ಕೊಂಬು ಸೊಟ್ಟಗಾಗುವುದುಂಟು. ಕಾದಾಡಿ ಕವಲು ಮುರಿದುಕೊಂಡ ಗಂಡಿಗೆ ಅಂಕ ಇಳಿಯುತ್ತದೆ, ಕಾದಾಟಕ್ಕೇ ಹೋಗದೆ ಸರಿದುಕೊಂಡದ್ದಕ್ಕೆ ಪೂರ್ತಿ ಅಂಕ ದಕ್ಕುತ್ತದೆ. ದಾಖಲೆಗೆ ಅದು ಸರಿ ಇರಬಹುದು, ಗೋಡೆಗಲ್ಲ.

ಅಳೆಯುವ ಈ ಪದ್ಧತಿ ಹುಟ್ಟಿದ್ದೂ ಹೆಮ್ಮೆಯಿಂದಲ್ಲ, ಹೆದರಿಕೆಯಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮಾಂಸದ ವ್ಯಾಪಾರಿಗಳು ಹೊಡೆದೂ ಹೊಡೆದೂ ಇಡೀ ದೇಶದಲ್ಲಿ ಬಿಳಿಬಾಲದ ಜಿಂಕೆ ಐದು ಲಕ್ಷದ ಆಸುಪಾಸಿಗೆ ಇಳಿದಿತ್ತು ಎಂದು ಅಂದಾಜು. ಕಾಡೆಮ್ಮೆಯಂಥ ಬೈಸನ್ ಬಹುತೇಕ ಮುಗಿದೇ ಹೋಗಿತ್ತು. ಆಗ ವಿಲಿಯಂ ಟೆಂಪಲ್ ಹಾರ್ನಡೇ ಎಂಬಾತ, ಹೇಗೂ ಇವು ಭೂಮಿಯ ಮೇಲೆ ಉಳಿಯುವುದಿಲ್ಲ, ತಲೆ ಕೊಂಬುಗಳನ್ನಾದರೂ ಮುಂದಿನವರಿಗೆ ಉಳಿಸೋಣ ಎಂದು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಒಂದು ಸಂಗ್ರಹ ಕಟ್ಟಿದ. 1922ರಲ್ಲಿ ಅದು ತೆರೆದಾಗ, ಕಣ್ಮರೆಯಾಗುತ್ತಿರುವ ದೊಡ್ಡ ಪ್ರಾಣಿಗಳ ನೆನಪಿಗೆ ಎಂದೇ ಅರ್ಪಿಸಿದರು. ಈ ಹಾರ್ನಡೇ ಮೊದಲಿಗೆ ಟ್ಯಾಕ್ಸಿಡರ್ಮಿಸ್ಟ್, ಅಂದರೆ ಸತ್ತ ಪ್ರಾಣಿಯ ಚರ್ಮ ಹದಮಾಡಿ ಅದಕ್ಕೆ ಮತ್ತೆ ಆಕಾರ ಕೊಡುವವನು. ಯೌವನದಲ್ಲಿ ಮಾದರಿಗಳನ್ನು ಕೂಡಿಹಾಕಲು ನಮ್ಮ ನೀಲಗಿರಿ, ಆನೆಮಲೆ ಕಾಡುಗಳಲ್ಲೆಲ್ಲ ಅಲೆದು, 1885ರಲ್ಲಿ ಆ ಬಗ್ಗೆ ಪುಸ್ತಕ ಬರೆದವನು. ಕೈಯಾರೆ ಎಷ್ಟೋ ಪ್ರಾಣಿಗಳನ್ನು ಹೊಡೆದವನೇ ಕೊನೆಗೆ ಬೈಸನ್ ಉಳಿಸಲು ಹೋರಾಡಿದ. ಆಮೇಲೆ ಕಾಯಿದೆಗಳು ಬಂದವು, ಹಂಗಾಮು ಗೊತ್ತಾಯಿತು, 1937ರಿಂದ ಬಂದೂಕು ಮತ್ತು ಮದ್ದುಗುಂಡಿನ ತೆರಿಗೆಯನ್ನು ವನ್ಯಜೀವಿಗಳಿಗೇ ಮೀಸಲಿಟ್ಟರು. ಇವತ್ತು ಬಿಳಿಬಾಲದ ಜಿಂಕೆ ಮೂರು ಕೋಟಿಯಷ್ಟಿದೆ ಎನ್ನುತ್ತಾರೆ. ನಮ್ಮ ಬೀದಿಯಲ್ಲೇ ರಾತ್ರಿ ಬಂದು ಗುಲಾಬಿ ಗಿಡ ಮೇಯ್ದು ಹೋಗುತ್ತವೆ.

ಅಳತೆ, ಗೋಡೆ, ಹೆಸರು ಇವುಗಳ ಮಾತು ಬಂದಾಗ ಇಲ್ಲಿಯವರು ತಪ್ಪದೆ ಹೇಳುವುದು ಜೇಮ್ಸ್ ಜೋರ್ಡನ್ನನ ಕತೆ. ವಿಸ್ಕಾನ್ಸಿನ್‌ನ ಉತ್ತರಕ್ಕೆ ಡ್ಯಾನ್‌ಬರಿ ಎಂಬ ಊರು. 1914ರ ನವೆಂಬರ್‌ನಲ್ಲಿ, ಆಗಿನ್ನೂ ಇಪ್ಪತ್ತೆರಡರ ಹುಡುಗ ಜೋರ್ಡನ್, ಅಲ್ಲಿ ಯೆಲ್ಲೋ ನದಿಯ ಬಳಿ ಒಂದು ದೊಡ್ಡ ಗಂಡನ್ನು ಹೊಡೆದ. ತಲೆಯನ್ನು ಮೌಂಟ್ ಮಾಡಿಕೊಡಲು ಪಕ್ಕದೂರಿನ ಟ್ಯಾಕ್ಸಿಡರ್ಮಿಸ್ಟ್ ಐದು ಡಾಲರ್ ಕೇಳಿದ, ಇವನು ಒಪ್ಪಿ ಕೊಟ್ಟ. ಸ್ವಲ್ಪ ದಿನದಲ್ಲೇ ಆ ಮನುಷ್ಯ ತಲೆಯ ಸಮೇತ ಮಿನ್ನೆಸೋಟಾ ರಾಜ್ಯಕ್ಕೆ ಮನೆ ಬದಲಾಯಿಸಿದ. ಆ ಕಾಲದ ರಸ್ತೆಗಳಲ್ಲಿ, ಆ ಬಡತನದಲ್ಲಿ, ಜೋರ್ಡನ್ ಹುಡುಕಿಕೊಂಡು ಹೋಗಲಾಗಲಿಲ್ಲ. ಹೋಯಿತು ಎಂದು ಬಿಟ್ಟ.

ಹೆಚ್ಚುಕಮ್ಮಿ ಐವತ್ತು ವರ್ಷದ ಮೇಲೆ ಮಿನ್ನೆಸೋಟಾದ ಸ್ಯಾಂಡ್‌ಸ್ಟೋನ್ ಊರಿನಲ್ಲಿ ಹಳೇ ಸಾಮಾನು ಮಾರುವ ಸಂತೆ. ಅಲ್ಲಿ ಒಬ್ಬ ಮೂರು ಡಾಲರಿಗೆ ಒಂದು ಹಳೆಯ ತಲೆ ಕೊಂಡ. ಅಳೆಸಿ ನೋಡಿದರೆ ಜಗತ್ತಿನಲ್ಲೇ ಅಂಥ ಇನ್ನೊಂದಿಲ್ಲ: ಕೊನೆಗೆ ಗಟ್ಟಿಯಾದ ಅಂಕ 206 ಮತ್ತು ಎಂಟನೆಯ ಒಂದು. ಕೊಂಡವನು ಜೋರ್ಡನ್ನನ ದೂರದ ನೆಂಟನೇ. ಮುದುಕನಿಗೆ ತೋರಿಸಿದ. ನೋಡಿದ ಕೂಡಲೇ ಜೋರ್ಡನ್, ಇದು ನನ್ನದು ಎಂದ. ಯಾರು ನಂಬಬೇಕು? ಕೈಯಲ್ಲಿ ಚೀಟಿಯಿಲ್ಲ, ಫೋಟೋ ಇಲ್ಲ. ಕೊಂಬು ಕೈ ಬದಲಾಯಿಸಿ ಒಬ್ಬ ಸಂಗ್ರಾಹಕನ ಪಾಲಾಯಿತು. ದಾಖಲೆ ಪುಸ್ತಕದಲ್ಲಿ ಹೊಡೆದವನ ಹೆಸರು ಗೊತ್ತಿಲ್ಲ ಎಂದೇ ಅಚ್ಚಾಯಿತು. ಜೋರ್ಡನ್ ತನ್ನ ಮಾತು ಬಿಡಲಿಲ್ಲ. ಕ್ಲಬ್ಬು ಅದನ್ನು ಅವನ ಹೆಸರಿಗೆ ಬರೆದದ್ದು 1978ರ ಡಿಸೆಂಬರ್‌ನಲ್ಲಿ. ಜೋರ್ಡನ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ತೀರಿಹೋಗಿದ್ದ. ಆ ದಾಖಲೆಯನ್ನು 1993ರಲ್ಲಿ ಕೆನಡಾದ ಸಸ್ಕಾಚೆವಾನ್‌ನ ರೈತ ಮೈಲೋ ಹ್ಯಾನ್ಸನ್ ಮುರಿದ, ಅವನದು 213 ಮತ್ತು ಎಂಟನೆಯ ಐದು.

ಈ ಕತೆಯನ್ನು ಇಲ್ಲಿಯವರು ಹೇಳುವುದು ಅನ್ಯಾಯದ ಕತೆಯಾಗಿ. ನನ್ನ ಮನಸ್ಸು ಮಾತ್ರ ಆ ಮೂರು ಡಾಲರಿನ ಸಂತೆಯಲ್ಲೇ ನಿಲ್ಲುತ್ತದೆ. ಜಗತ್ತಿನ ಅತಿ ದೊಡ್ಡ ಕೊಂಬು, ಹೇಳುವವರು ಪಕ್ಕದಲ್ಲಿ ಇಲ್ಲದಿದ್ದಾಗ, ಹರಕು ಕುರ್ಚಿ, ಹಳೆ ಇಸ್ತ್ರಿಪೆಟ್ಟಿಗೆಗಳ ನಡುವೆ ಮೂರು ಡಾಲರಿನ ವಸ್ತು. ಇಂಥ ತಲೆಗಳನ್ನು ಇಲ್ಲಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ನಾನು ಎಷ್ಟೋ ಕಂಡಿದ್ದೇನೆ. ತಂದೆ ತೀರಿಕೊಂಡ ಮೇಲೆ ಮಕ್ಕಳು ಮನೆ ಖಾಲಿ ಮಾಡುತ್ತಾರೆ; ಅಪ್ಪ ಯಾವ ಬೆಳಗ್ಗೆ ಎಲ್ಲಿ ಅದನ್ನು ಹೊಡೆದದ್ದು ಎಂದು ಮಕ್ಕಳಿಗೆ ಗೊತ್ತಿರುವುದಿಲ್ಲ. ಹಾಗಾಗಿ ಮೌಂಟ್ ಮಾಡಿಸುವವರಿಗೆ ನಾನು ಹೇಳುವ ಮೊದಲ ಮಾತು, ಹಲಗೆಯ ಹಿಂದೆ ಒಂದು ಕಾಗದ ಅಂಟಿಸಿ. ದಿನಾಂಕ, ಜಾಗ, ಜೊತೆಗಿದ್ದವರು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎನ್ನುವುದೂ ಇರಲಿ.

ಇನ್ನೊಂದು ಸಂಗತಿ. ಅಡ್ಡಾದಿಡ್ಡಿ ಕೊಂಬಿನ ಪಂಕ್ತಿಯಲ್ಲಿ ಜಗತ್ತಿಗೇ ಮೊದಲ ಎರಡು ಸ್ಥಾನದಲ್ಲಿರುವ ಜಿಂಕೆಗಳನ್ನು ಯಾರೂ ಬೇಟೆಯಾಡಿಲ್ಲ. ಮೊದಲನೆಯದು 1981ರಲ್ಲಿ ಮಿಸೌರಿಯ ಸೇಂಟ್ ಲೂಯಿ ಬಳಿ ಸತ್ತುಬಿದ್ದದ್ದು ಸಿಕ್ಕಿತು, 333 ಮತ್ತು ಎಂಟನೆಯ ಏಳು. ಎರಡನೆಯದು 1940ರಲ್ಲಿ ಓಹಾಯೋದ ಕೆಂಟ್ ಊರಿನ ರೈಲು ಹಳಿಯ ಹತ್ತಿರ ಸತ್ತುಬಿದ್ದಿತ್ತು. ಅದರ ಒಂದು ಕೊಂಬಿನಲ್ಲಿ ತೂತಿದೆ, ಅದೇ ಅದರ ಹೆಸರೂ ಆಗಿದೆ. ನಲವತ್ತು ವರ್ಷಕ್ಕೂ ಮಿಕ್ಕಿ ಅದು ಒಂದು ಕ್ಲಬ್ಬಿನ ಗೋಡೆಯ ಮೇಲೆ ಹೊಗೆ ಕುಡಿಯುತ್ತಾ ತೂಗುತ್ತಿತ್ತು, ಯಾರಿಗೂ ಅದರ ಬೆಲೆ ತಿಳಿದಿರಲಿಲ್ಲ. ಎರಡೂ ಮನುಷ್ಯನ ಗುರಿಯಿಂದ ಕೊನೆಯವರೆಗೂ ತಪ್ಪಿಸಿಕೊಂಡವು. ಅವುಗಳ ಬಗ್ಗೆ ನನಗಿರುವ ಗೌರವ ದಾಖಲೆಗಾಗಿ ಅಲ್ಲ, ಅದಕ್ಕಾಗಿ.

ಕೊಂಬು ಕಾಯುತ್ತದೆ, ತೊಗಲು ಕಾಯುವುದಿಲ್ಲ. ಇಡೀ ತೊಡಕು ಇರುವುದು ಅಲ್ಲಿ. ಅಂಕ ಗೊತ್ತಾಗಲು ಎರಡು ತಿಂಗಳು ಬೇಕು. ಮೌಂಟ್‌ಗೆ ಬೇಕಾದ ತೊಗಲನ್ನು ಉಳಿಸಿಕೊಳ್ಳುವ ತೀರ್ಮಾನ ಮಾತ್ರ ಕಾಡಿನಲ್ಲೇ, ಚಾಕು ಹೊರತೆಗೆಯುವ ಮುಂಚೆಯೇ ಆಗಬೇಕು. ಕುತ್ತಿಗೆ ಕೊಯ್ದರೆ ಕೆಟ್ಟಿತು. ಹೊಟ್ಟೆ ಬಗೆಯುವಾಗ ಚಾಕು ಎದೆಯೆಲುಬು ದಾಟಿ ಮುಂದೆ ಬಂದರೆ ಕೆಟ್ಟಿತು. ಕೊರಳಿಗೆ ಹಗ್ಗ ಹಾಕಿ ಎಳೆದು ತಂದರೆ ಕೂದಲು ಸವೆದು ಕೆಟ್ಟಿತು. ಭುಜದ ಹಿಂದೆ, ಮೈಯ ಸುತ್ತ ಕೊಯ್ದು, ಅಂಗಿ ಕಳಚಿದಂತೆ ತೊಗಲನ್ನು ಮುಂದಕ್ಕೆ ಸುಲಿದು ತಲೆಯ ಹತ್ತಿರ ನಿಲ್ಲಿಸಬೇಕು. ಇದಕ್ಕೆ ಇಲ್ಲಿ ಕೇಪ್ ಎನ್ನುತ್ತಾರೆ. ಕೂಡಲೇ ತಣ್ಣಗಾಗದಿದ್ದರೆ ತೊಗಲು ಒಳಗಿಂದ ಕೊಳೆತು ಕೂದಲು ಕೈಗೇ ಕಿತ್ತುಬರುತ್ತದೆ. ಇಷ್ಟೂ ನೆನಪಿಡಬೇಕಾದ ಹೊತ್ತಿನಲ್ಲಿ ಬೇಟೆಗಾರನ ಕೈ ಇನ್ನೂ ನಡುಗುತ್ತಿರುತ್ತದೆ, ಕತ್ತಲಾಗುತ್ತಿರುತ್ತದೆ. ಹಾಗಾಗಿ ತಿಳಿದವರು ಹೇಳುವುದು, ಅನುಮಾನವಿದ್ದರೆ ಮೌಂಟ್ ಮಾಡಿಸುವವರಂತೆಯೇ ಸುಲಿಯಿರಿ, ಮಡಚಿ ಫ್ರೀಜರ್‌ನಲ್ಲಿಡಿ, ಬೇಡವೆಂದು ಆಮೇಲೆ ಹೇಳಬಹುದು. ಇದು ಒಳ್ಳೆಯ ಬುದ್ಧಿಮಾತು. ರಾತ್ರಿ ಕಳೆದು ಬೆಳಗಾದಾಗ ಜಿಂಕೆ ಕೆಲವರ ಕಣ್ಣಿಗೆ ಸಣ್ಣದಾಗಿರುತ್ತದೆ, ಕೆಲವರಿಗೆ ದೊಡ್ಡದಾಗಿರುತ್ತದೆ.

ನಮ್ಮೂರ ಹೊರವಲಯದ ಟ್ಯಾಕ್ಸಿಡರ್ಮಿಸ್ಟನ ಕೊಟ್ಟಿಗೆಯಲ್ಲಿ ನಿಂತು ನೋಡುವವರೆಗೆ, ಮೌಂಟ್ ಎಂದರೆ ತಲೆಯನ್ನೇ ಒಣಗಿಸಿ ಹುಲ್ಲು ತುಂಬುತ್ತಾರೆ ಎಂದೇ ನಾನು ತಿಳಿದಿದ್ದೆ. ಹಾಗಲ್ಲ. ಆತ ಮೊದಲು ಕಣ್ಣಿನ ಮೂಲೆಯಿಂದ ಮೂಗಿನ ತುದಿಯವರೆಗೆ ಅಳೆದ. ಆಮೇಲೆ ಕಿವಿಯ ಹಿಂದೆ ಕೊರಳಿನ ಸುತ್ತಳತೆ. ಬೆದೆಗಾಲದಲ್ಲಿ ಗಂಡಿನ ಕೊರಳು ಊದಿಕೊಂಡಿರುತ್ತದೆ, ಆ ಊತವೂ ಲೆಕ್ಕಕ್ಕೆ ಬೇಕು. ಆ ಎರಡು ಅಳತೆ ಹಿಡಿದು ಕ್ಯಾಟಲಾಗಿನಿಂದ ಗಟ್ಟಿ ನೊರೆಯ ಅಚ್ಚು ತರಿಸುತ್ತಾನೆ. ತಲೆ ಎತ್ತಿದ್ದು, ತಗ್ಗಿಸಿದ್ದು, ಎಡಕ್ಕೆ ತಿರುಗಿದ್ದು, ಬಲಕ್ಕೆ ತಿರುಗಿದ್ದು ಎಲ್ಲ ಸಿಗುತ್ತವೆ. ಹದ ಮಾಡಿದ ತೊಗಲನ್ನು ಅಂಟು ಬಳಿದ ಅಚ್ಚಿನ ಮೇಲೆ ಎಳೆದು ಕೂರಿಸುತ್ತಾನೆ. ಕಿವಿಯೊಳಗೆ ಪ್ಲಾಸ್ಟಿಕ್ಕು, ಕಣ್ಣು ಗಾಜಿನದು. ರೆಪ್ಪೆಯ ಸುತ್ತ ಜೇಡಿಯಂಥದ್ದನ್ನು ತುಂಬಿ, ತೆಳುವಾದ ಉಪಕರಣದಿಂದ ತೊಗಲನ್ನು ಒಳಕ್ಕೆ ಮಡಚಿ ಮಡಚಿ ಕೂರಿಸುವುದಕ್ಕೇ ಆತ ಒಂದು ಬೆಳಗ್ಗೆಯನ್ನು ಕಳೆದ. ಕಣ್ಣಿನ ಮುಂದಿನ ಆ ಸಣ್ಣ ಕುಳಿ ತುಸು ಆಳ ತಪ್ಪಿದರೂ ಜಿಂಕೆ ಗಾಬರಿಬಿದ್ದಂತೆ ಕಾಣುತ್ತದೆ ಎಂದ. ಕೊನೆಗೆ ಮೂಗಿಗೆ ಬಣ್ಣ ಬಳಿದು, ಇಬ್ಬನಿ ಬಿದ್ದಂತೆ ಹೊಳಪು ಕೊಟ್ಟ.

ಎಲುಬಿಲ್ಲ, ಮಾಂಸವಿಲ್ಲ, ಕಣ್ಣಿಲ್ಲ. ಆ ಜಿಂಕೆಯದೆಂದು ಉಳಿಯುವುದು ಕೊಂಬು ಮತ್ತು ತೊಗಲು, ಅಷ್ಟೆ. ಕೆಲವು ಸಲ ತೊಗಲೂ ಅದರದಲ್ಲ. ಕೇಪ್ ಕೆಡಿಸಿಕೊಂಡವರಿಗೆ ಬೇರೆ ಜಿಂಕೆಯ ಕೇಪ್ ದುಡ್ಡಿಗೆ ಸಿಗುತ್ತದೆ. ಕೊಂಬು ಇದರದು, ಮುಖ ಇನ್ನೊಂದರದು. ಇದು ಕೂಡದೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಮುಖ ಉಳಿಯದಿದ್ದಲ್ಲಿ ಕೊಂಬಿರುವ ಬುರುಡೆಯನ್ನು ಬೇಯಿಸಿ, ಬಿಳಿಚಿಸಿ, ಹಾಗೇ ತೂಗುಹಾಕುವ ಯುರೋಪಿಯನ್ ಪದ್ಧತಿ ಇದೆ. ಕೆಲವರು ಮಾಂಸ ತಿನ್ನುವ ಹುಳುಗಳಿಗೆ ಬಿಟ್ಟು ಎಲುಬನ್ನು ಚೊಕ್ಕ ಮಾಡಿಸುತ್ತಾರೆ. ಖರ್ಚು ಕಡಿಮೆ, ನುಸಿ ಹಿಡಿಯುವುದಿಲ್ಲ, ಸುಳ್ಳು ಇಲ್ಲ. ಹತ್ತರಲ್ಲಿ ಒಂಬತ್ತು ಜಿಂಕೆಗೆ ಇದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಕೊಟ್ಟಿಗೆಯ ವಾಸನೆಗೆ ನನಗೆ ನೆನಪಾದದ್ದು ಮೈಸೂರು. ಚರ್ಮ ಹದಮಾಡಿ ಪ್ರಾಣಿಗಳಿಗೆ ಆಕಾರ ಕೊಡುವ ವಿದ್ಯೆಯಲ್ಲಿ ಒಂದು ಕಾಲಕ್ಕೆ ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆಗೆ ಜಗತ್ತಿನಲ್ಲೇ ಹೆಸರಿತ್ತು. ಯೂಜಿನ್ ವ್ಯಾನ್ ಇಂಗನ್ ಅದನ್ನು 1900ರ ಸುಮಾರಿಗೆ ಶುರು ಮಾಡಿದರು. ಬೋಯರ್ ಯುದ್ಧದ ಸೇನಾಪತಿಗಳ ಹೆಸರನ್ನು ಮಕ್ಕಳಿಗಿಟ್ಟರು: ಡಿವೆಟ್, ಬೋಥಾ, ಜೂಬರ್ಟ್. ಮಕ್ಕಳು ಅದನ್ನು ಬೆಳೆಸಿದರು. ಮಹಾರಾಜರು, ವೈಸ್‌ರಾಯ್‌ಗಳು, ಕಾಫಿ ತೋಟದ ದೊರೆಗಳು ಹೊಡೆದ ಸಾವಿರಾರು ಹುಲಿ ಚಿರತೆಗಳು ಅಲ್ಲಿಗೆ ಬರುತ್ತಿದ್ದವು, ಜೊತೆಗೆ ಕಡವೆ, ಚುಕ್ಕೆ ಜಿಂಕೆ, ಕಾಟಿಗಳ ತಲೆ. ಇಲ್ಲಿಯ ನೊರೆಯ ಅಚ್ಚಿನ ಬದಲು ಅವರು ತಮ್ಮದೇ ಎರಕದಲ್ಲಿ ಕಾಗದದ ರಚ್ಚಿನಿಂದ ಮೈ ಕಟ್ಟುತ್ತಿದ್ದರು. ಕಾರ್ಖಾನೆ 1999ರಲ್ಲಿ ಮುಚ್ಚಿತು. ಅಷ್ಟು ಹೊತ್ತಿಗೆ ನಮ್ಮಲ್ಲಿ ಬೇಟೆಯೇ ಮುಗಿದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಆಮೇಲೆ 1991ರ ತಿದ್ದುಪಡಿ. ಜೂಬರ್ಟ್ 2013ರಲ್ಲಿ ತೀರಿಕೊಂಡರು, ನೂರು ತುಂಬಿತ್ತು. ನಮ್ಮಲ್ಲಿ ಬೇಟೆ ನಿಂತದ್ದು ಸರಿಯೇ ಆಯಿತು. ಆದರೆ ಅಂಥ ಕೈಚಳಕ ಒಂದು ತಲೆಮಾರಿನೊಂದಿಗೆ ಮುಗಿದದ್ದಕ್ಕೆ ಬೇಸರಪಡುವುದರಲ್ಲಿ ತಪ್ಪಿಲ್ಲ. ಸತ್ತ ಆನೆ, ಹುಲಿಗಳನ್ನು ನಮ್ಮ ಮಕ್ಕಳಿಗೆ ಮ್ಯೂಸಿಯಮ್ಮಿನಲ್ಲಿ ಸರಿಯಾಗಿ ತೋರಿಸಲಾದರೂ ಆ ವಿದ್ಯೆ ಬೇಕಿತ್ತು.

ನಮ್ಮ ಅಜ್ಜನ ಮನೆಯ ಜಗಲಿಯಲ್ಲೂ ಒಂದು ಜೊತೆ ಕಡವೆ ಕೊಂಬಿತ್ತು. ಮಳೆಗಾಲದಲ್ಲಿ ಅದಕ್ಕೆ ಕೊಡೆ, ಕಂಬಳಿ ತೂಗುತ್ತಿದ್ದವು. ಅಮ್ಮನ ಸೊಂಟ ಹಿಡಿದರೆ ದೊಡ್ಡಮ್ಮ ಅದರ ತುದಿಯನ್ನು ಸಾಣೆಕಲ್ಲಿನಲ್ಲಿ ತೇಯ್ದು ಹಚ್ಚುತ್ತಿದ್ದರು. ಮಾಲೀಕತ್ವದ ಸರ್ಟಿಫಿಕೇಟಿಲ್ಲದೆ ಅಂಥದ್ದನ್ನು ಮನೆಯಲ್ಲಿಟ್ಟುಕೊಳ್ಳುವುದು ಇಂದು ಅಪರಾಧ, ಕಾಡಿನಲ್ಲಿ ಉದುರಿಬಿದ್ದದ್ದನ್ನು ಹೆಕ್ಕಿ ತಂದರೂ ಅಷ್ಟೆ. ಇಲ್ಲಿ ಮಕ್ಕಳು ಮಾರ್ಚ್ ತಿಂಗಳಲ್ಲಿ ಉದುರಿದ ಕೊಂಬು ಹುಡುಕಲೆಂದೇ ಕಾಡು ಸುತ್ತುವುದನ್ನು ನೋಡಿ ಊರಿನಿಂದ ಬಂದ ನನ್ನ ಮಾವ ಅಚ್ಚರಿಪಟ್ಟಿದ್ದರು. "ಅಲ್ಲ ಮಾರಾಯ, ಇವರಿಗೆ ಗಾರ್ಡಿನ ಹೆದರಿಕೆ ಇಲ್ವಾ?" ಎಂದು ಕೇಳಿದರು. ಮೂರು ಕೋಟಿ ಜಿಂಕೆ ಇರುವ ದೇಶದ ಕಾಯಿದೆ ಬೇರೆ, ನಮ್ಮ ಕಾಡಿನ ಕಾಯಿದೆ ಬೇರೆ. ಎರಡೂ ತಮ್ಮ ತಮ್ಮ ನೆಲದಲ್ಲಿ ಸರಿ. ಅಜ್ಜಂದಿರ ಕಾಲದ ಸ್ಟಫ್ ಮಾಡಿದ ತಲೆ ಯಾರ ಮನೆಯಲ್ಲಾದರೂ ಕಾಗದ ಪತ್ರದ ಸಮೇತ ಉಳಿದಿದ್ದರೆ ಒಂದು ಎಚ್ಚರಿಕೆ: ಹಿಂದೆ ಹುಳ ಹಿಡಿಯದಂತೆ ಪಾಷಾಣ ಸವರುತ್ತಿದ್ದರು. ಮಕ್ಕಳ ಕೈಗೆ ಸಿಗದಂತೆ ಇಡಿ.

ಬೇಟೆಯ ನೆನಪನ್ನು ಉಳಿಸುವ ಮಾತಿಗೆ ಬಂದರೆ ನಮ್ಮವರದ್ದು ಬೇರೆಯೇ ಒಂದು ದಾರಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ವೀರಗಲ್ಲಿದೆ, ಸುಮಾರು ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಗೆದ್ದ ಮೇಲೆ ಗಂಗ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕೆಂದು ಕೇಳಿದ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿಯನ್ನು ಬೇಟೆಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟ. ಎರಡೂ ಕಾದಾಡಿ ಎರಡೂ ಸತ್ತವು. ಮಣಲೇರ ಹಂದಿಯ ತಲೆಯನ್ನು ಬಾಗಿಲಿಗೆ ಕಟ್ಟಲಿಲ್ಲ. ಕಲ್ಲು ನೆಡಿಸಿದ, ಅದರ ಮೇಲೆ ನಾಯಿ ಹಂದಿ ಎರಡನ್ನೂ ಎದುರುಬದುರು ಕೆತ್ತಿಸಿದ, ಕಲ್ಲಿಗೆ ಪೂಜೆಯಾಗುವಂತೆ ಭೂಮಿ ಬಿಡಿಸಿದ. ಪೂಜೆ ಮಾಡದೆ ಉಂಡರೆ ಪಾಪ ಎಂದು ಶಾಸನದಲ್ಲೇ ಬರೆಸಿದ. ಹಂದಿಯ ಕೋರೆ ಎಷ್ಟು ಉದ್ದವಿತ್ತು ಎಂದು ಎಲ್ಲೂ ಹೇಳಿಲ್ಲ. ಅದು ಹೇಗೆ ಎದುರು ನಿಂತಿತು ಎನ್ನುವುದು ಮಾತ್ರ ಸಾವಿರ ವರ್ಷದ ಮೇಲೂ ಕಾಣುತ್ತಿದೆ. ಜಿಂಕೆಯ ತಲೆಯ ಮುಂದೆ ನಿಂತು ಯೋಚಿಸುವ ಇಲ್ಲಿಯ ಗೆಳೆಯರಿಗೆ ನಾನು ಈ ಕಲ್ಲಿನ ಕತೆಯನ್ನು ಹೇಳಿಯೇ ಹೇಳುತ್ತೇನೆ.

ಹೋದ ಹಂಗಾಮಿನಲ್ಲಿ ಪಕ್ಕದ ಮನೆಯಾತ ಒಂದು ಗಂಡು ಹೊಡೆದು ಕರೆದ. ಹೋಗಿ ನೋಡಿದೆ. ಗ್ಯಾರೇಜಿನ ತೊಲೆಗೆ ತೂಗುಬಿಟ್ಟಿತ್ತು. ಎಂಟು ಕವಲಿನದು, ಬಲಗಡೆಯ ಉದ್ದದ ಕವಲು ನಡುವಿಗೇ ಮುರಿದಿದೆ. ಎಡಗಿವಿ ಹರಿದು ಎರಡು ಸೀಳಾಗಿದೆ. ಮೂಗಿನ ಮೇಲೆ ಅಡ್ಡಕ್ಕೆ ಹಳೆಯ ಬಿಳೀ ಗೀರು, ಕೊರಳಿನ ಕೂದಲ ಒಳಗೆ ಆಗಷ್ಟೇ ಮಾಯುತ್ತಿದ್ದ ತೂತು. ಕೈಯಿಟ್ಟರೆ ಹಣೆಯ ಕೂದಲು ಮರದ ತೊಗಟೆಯ ಅಂಟು ಅಂಟಿ ಗಡುಸಾಗಿತ್ತು. ಬೆದೆಯ ಗಂಡು ಮರಕ್ಕೆ ಹಣೆ ಉಜ್ಜಿ ಗುರುತು ಬಿಡುತ್ತದೆ. ಆತನ ಮಗ ಟೇಪು ಹಿಡಿದು ಅಳೆದು, ಕಳೆಯುವುದನ್ನೆಲ್ಲ ಕಳೆದು, ನೂರಾ ಹತ್ತೂ ಬರುವುದಿಲ್ಲ ಎಂದ. ಟ್ಯಾಕ್ಸಿಡರ್ಮಿಸ್ಟ್ ಕೂಡ ಫೋನಿನಲ್ಲಿ, ಇದಕ್ಕೆ ದುಡ್ಡು ಹಾಕಬೇಡ, ಮುಂದಿನ ವರ್ಷ ನೋಡೋಣ ಎಂದಿದ್ದ. ಪ್ರಾಮಾಣಿಕ ಮನುಷ್ಯ, ತನ್ನ ವ್ಯಾಪಾರ ಬಿಟ್ಟು ಹೇಳಿದ ಮಾತು ಅದು.

"ಇದು ನನಗೆ ಗೊತ್ತಿರುವ ಜಿಂಕೆ," ಎಂದ ನೆರೆಯಾತ. ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಅದು ಮರಿಗೊಂಬಿನ ಕಾಲದಿಂದ ಸಿಕ್ಕುತ್ತಾ ಬಂದಿದೆಯಂತೆ. ಫೋನಿನಲ್ಲಿ ಒಂದೊಂದೇ ತೋರಿಸಿದ. ಕಿವಿ ಸರಿಯಿದ್ದಾಗಿನದು. ಕಿವಿ ಹರಿದುಕೊಂಡು ಬಂದ ವರ್ಷದ್ದು. ಮಂಡಿಯವರೆಗಿನ ಹಿಮದಲ್ಲಿ ಪಕ್ಕೆ ಎಣಿಸುವಂತಾಗಿ ನಿಂತದ್ದು. ಸರಿಯಾದ ಗುರಿ ಸಿಕ್ಕದೆ ಬಂದೂಕು ಇಳಿಸಿದ ಸಂಜೆಗಳ ಬಗ್ಗೆಯೂ ಹೇಳಿದ. ಕೆಳದವಡೆಯ ಹಲ್ಲುಗಳ ಸವೆತ ನೋಡಿದರೆ ಆರು ದಾಟಿದ ವಯಸ್ಸು. ಮಾತಾಡುವಾಗ ಆತ ಕೊಂಬನ್ನು ಒಮ್ಮೆಯೂ ಹಿಡಿಯಲಿಲ್ಲ, ಕೈ ಆ ಹರಿದ ಕಿವಿಯ ಮೇಲೇ ಇತ್ತು.

ಇದನ್ನು ಮೌಂಟ್ ಮಾಡಿಸು ಎಂದೆ. ಇದೇ ಆ ಹತ್ತರಲ್ಲಿ ಒಂದು. ಅಂಕ ತುಂಬ ಇದ್ದ ಅಪರಿಚಿತ ಜಿಂಕೆಯನ್ನು ಬುರುಡೆ ಮಾಡಿಸಿದರೆ ಸಾಕು, ಅದರ ಮುಖ ನಿನಗೆ ಗೊತ್ತಿರಲಿಲ್ಲ. ಇದರದು ಗೊತ್ತಿತ್ತು. ಜೀವ ಇದ್ದಾಗ ಹೇಗಿತ್ತು ಎಂದು ತಿಳಿದವನ ಕಣ್ಣೆದುರಿಗೇ ಟ್ಯಾಕ್ಸಿಡರ್ಮಿಸ್ಟನ ಕೆಲಸ ನಡೆಯಬೇಕು, ಇಲ್ಲದಿದ್ದರೆ ಆತ ಕ್ಯಾಟಲಾಗಿನ ಜಿಂಕೆಯನ್ನೇ ಕಟ್ಟಿಕೊಡುತ್ತಾನೆ.

ಒಂದು ತೊಡಕಿತ್ತು. ವಿಸ್ಕಾನ್ಸಿನ್‌ನ ಜಿಂಕೆಗಳಲ್ಲಿ ಮಿದುಳು ಹಾಳುಮಾಡಿ ಮೈ ಸೊರಗಿಸುವ ಸಿ.ಡಬ್ಲ್ಯು.ಡಿ. ಎಂಬ ರೋಗ 2002ರಿಂದ ಕಾಣಿಸಿಕೊಂಡಿದೆ. ಪರೀಕ್ಷೆಗೆ ಗಂಟಲ ಹಿಂದಿನ ಗ್ರಂಥಿ ತೆಗೆಯಬೇಕು, ಮನಬಂದಂತೆ ಕೊಯ್ದರೆ ಕೇಪ್ ಹೋಗುತ್ತದೆ. ಟ್ಯಾಕ್ಸಿಡರ್ಮಿಸ್ಟನೇ ಮೊದಲು ತೊಗಲು ಸುಲಿದು ಆಮೇಲೆ ಗ್ರಂಥಿ ತೆಗೆದು ಕಳಿಸಿದ. ರೋಗವಿಲ್ಲ ಎಂದು ವರದಿ ಬರುವವರೆಗೂ ಮಾಂಸ ಫ್ರೀಜರ್‌ನಲ್ಲೇ ಇತ್ತು. ಬಂದ ಮೇಲೆ ನಮ್ಮ ಪಾಲು ನಮ್ಮ ಮನೆಗೂ ಬಂತು. ಜಿಂಕೆಯ ಕೊಬ್ಬು ನಾಲಗೆಗೆ ಮೇಣದಂತೆ ಅಂಟುತ್ತದೆ, ಅದನ್ನೆಲ್ಲ ಬಿಡಿಸಿ ತೆಗೆದು, ಕಾಳುಮೆಣಸು ಹುರಿದು ಪುಡಿ ಮಾಡಿ, ನನ್ನಾಕೆ ಕಡುಬಿನ ಜೊತೆಗೆ ಹುರಿದು ಬಡಿಸಿದಳು. ತಿನ್ನದೆ ಬರೀ ತಲೆ ಒಯ್ಯುವವರ ಬಗ್ಗೆ ನನಗೆ ಗೌರವವಿಲ್ಲ, ಅವರ ಕೊಂಬು ಎಷ್ಟೇ ಇಂಚಿನದಾಗಿರಲಿ. ತಮಗೆ ಹೆಚ್ಚಾದದ್ದನ್ನು ಬಡವರ ಅಡುಗೆಮನೆಗಳಿಗೆ ಕೊಡುವ ಏರ್ಪಾಡು ಈ ರಾಜ್ಯದಲ್ಲಿ 2000ದಿಂದಲೂ ಇದೆ. ಅದನ್ನು ನಡೆಸುವವರಿಗೆ ನನ್ನ ನಮಸ್ಕಾರ.

ಅಚ್ಚು ತರಿಸುವ ಹೊತ್ತಿಗೆ ಟ್ಯಾಕ್ಸಿಡರ್ಮಿಸ್ಟ್ ಎರಡು ಪ್ರಶ್ನೆ ಕೇಳಿದ. ಮುರಿದ ಕವಲನ್ನು ರಾಳದಿಂದ ಬೆಳೆಸಿ ಬಣ್ಣ ಕೊಡಲೇ, ಗುರುತೇ ಸಿಗುವುದಿಲ್ಲ. ಹರಿದ ಕಿವಿ ಹೊಲಿದುಬಿಡಲೇ. ನೆರೆಯಾತ ಎರಡಕ್ಕೂ ಬೇಡವೆಂದ. ಮೂಗಿನ ಗೀರಿನ ಮೇಲೆ ಬಣ್ಣ ತಾಗಬಾರದೆಂದು ತಾನೇ ಇನ್ನೊಂದನ್ನು ಸೇರಿಸಿದ. ಬಿಸಿಲು, ಒಲೆಯ ಶಾಖ ಎರಡೂ ತಾಕದ ಉತ್ತರದ ಗೋಡೆ ಗೊತ್ತಾಗಿದೆ. ಬಾಗಿಲಿನಿಂದ ಒಳಬರುವವರಿಗೆ ಮೊದಲು ಕಾಣುವುದು ಆ ಕಿವಿಯೇ ಆಗಬೇಕು, ಅದಕ್ಕೆ ತಕ್ಕಂತೆ ತಲೆ ಬಲಕ್ಕೆ ತಿರುಗಿರುವ ಅಚ್ಚನ್ನು ತರಿಸಿದ್ದಾರೆ.